ಐದು ನಿಮಿಷದ ಲೈನು

‘ಮೋಡೆಮ್ ಖಾಲಿ ಇಲ್ಲ’ ಎಂದು ಪರದೆ ನಾಲ್ಕನೇ ಸಲ ಹೇಳಿತು. ಗ್ಯಾನಪ್ಪ ಗಡಿಯಾರ ನೋಡಿದ. ನಾಲ್ಕೂವರೆ. ಐದರೊಳಗೆ ನೀರಿನ ಬೇಡಿಕೆ ಪಟ್ಟಿ ಡ್ಯಾಮಿನ ಆಫೀಸಿಗೆ ಹೋಗದಿದ್ದರೆ ಕಾಲುವೆಯ ಕೊನೆಯ ಹಳ್ಳಿಗಳಿಗೆ ಈ ಸರದಿಯ ನೀರಿಲ್ಲ. ಬಾಯಿಮಾತು ನಡೆಯದು, ಪಟ್ಟಿ ಕಂಪ್ಯೂಟರಿನಲ್ಲೇ ಹೋಗಬೇಕು.

ಸಿಂಧನೂರಿನ ಆ ನೀರಾವರಿ ಆಫೀಸಿಗಿದ್ದದ್ದು ಒಂದೇ ಫೋನು, ಒಂದೇ ಮೋಡೆಮ್. ಸಾಹೇಬರ ಫ್ಯಾಕ್ಸ್ ಪ್ರೋಗ್ರಾಂ ಬೆಳಗಿನಿಂದ ಅದನ್ನು ಹಿಡಿದು ಕೂತಿತ್ತು. ಅದು ಬಿಡುವ ತನಕ ಪಟ್ಟಿ ಕಳಿಸುವ ಟರ್ಮಿನಲ್ ಪ್ರೋಗ್ರಾಂಗೆ ದಾರಿಯಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ.

“ಸಾಹೇಬ್ರ, ಬರೇ ಐದ್ ನಿಮಿಷ ಲೈನ್ ಬಿಡ್ರಿ. ಪಟ್ಟಿ ಕಳಿಸಿ ಮತ್ತ ನಿಮ್ಮ ಫ್ಯಾಕ್ಸ್ ಹಚ್ತೀನಿ.”

“ಆ ಐದ್ ನಿಮಿಷದಾಗ ನನ್ನ ವರ್ಗಾವಣೆ ಆರ್ಡರ್ ಬಂದು ಹೊಳ್ಳಿ ಹೋತಂದ್ರ? ಮೂರ್ ವರ್ಷದಿಂದ ಕಾಯಾಕತ್ತೀನಿ. ನಿನ್ನ ನೌಕರಿ ಖಾಯಂ ಮಾಡೋ ಫೈಲಿಗೆ ಸಹಿ ಹಾಕಾವ ನಾನಾ, ನೆನಪಿರ್ಲಿ.”

ಹೊರಗೆ ಕಟ್ಟೆಯ ಮೇಲೆ ಗ್ಯಾನಪ್ಪನ ಅಕ್ಕ ಕರೆಮ್ಮ ಕೂತಿದ್ದಳು. ತುರ್ವಿಹಾಳದಾಚೆ ಕಾಲುವೆಯ ತುದಿಯಲ್ಲಿ ಅವಳ ಎರಡೆಕರೆ ಭತ್ತ. “ತೆನಿ ಹಾಲು ತುಂಬಾಕತ್ತೈತಿ ತಮ್ಮಾ, ಈ ಸಲ ನೀರು ಬರ್ಲಿಲ್ಲಂದ್ರ ಬರೇ ಜೊಳ್ಳು” ಎಂದು ಬಂದ ಕೂಡಲೇ ಹೇಳಿದ್ದಳು.

ನಾಲ್ಕೂಮುಕ್ಕಾಲಿಗೆ ಸಾಹೇಬರು ಚಹಾಕ್ಕೆ ಎದ್ದರು. ಗ್ಯಾನಪ್ಪನ ಕೈ ಮೌಸಿನ ಮೇಲೆ ಹೋಯಿತು. ಫ್ಯಾಕ್ಸ್ ಮುಚ್ಚುವುದಕ್ಕೆ ಒಂದು ಒತ್ತು ಸಾಕು. ಏಳು ವರ್ಷದ ದಿನಗೂಲಿ ನೆನಪಾಯಿತು, ಫೈಲು ನೆನಪಾಯಿತು. ಬೆರಳು ಒತ್ತಲಿಲ್ಲ. ಸಾಹೇಬರು ಮೀಸೆ ಒರೆಸಿಕೊಳ್ಳುತ್ತ ಬಂದಾಗ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಐದೂ ಹತ್ತಕ್ಕೆ ಫ್ಯಾಕ್ಸು ಬಂತು. ಸಾಹೇಬರಿಗೆ ಲಿಂಗಸುಗೂರಿಗೆ ವರ್ಗ, ಮಾವನ ಊರು. ಪೇಡೆ ತರಿಸಿದರು, ಗ್ಯಾನಪ್ಪನ ಅಂಗೈಗೂ ಒಂದು ಇಟ್ಟರು.

“ಸಾಹೇಬ್ರ, ನನ್ನ ಫೈಲು?”

“ಹೊಸಾ ಸಾಹೇಬ್ರು ನೋಡ್ತಾರ ಬಿಡೋ. ತಗೋ, ಈಗ ಲೈನ್ ನಿಂದಾ.”

ಪಟ್ಟಿ ಎರಡೇ ನಿಮಿಷದಲ್ಲಿ ಹೋಯಿತು. ಆ ಕಡೆಯಿಂದ ಉತ್ತರವೂ ಬಂತು: ಸಮಯ ಮೀರಿದೆ, ಮುಂದಿನ ಸರದಿ ಹದಿನೈದು ದಿನಕ್ಕೆ.

ಅವನು ಹೊರಗೆ ಬಂದಾಗ ಕರೆಮ್ಮನ ಕಣ್ಣು ಮೊದಲು ಬಿದ್ದದ್ದು ಪೇಡೆಯ ಮೇಲೆ.

“ನೀರು ಬಿಟ್ರಾ? ನಂಗೊತ್ತಿತ್ತು, ನನ್ನ ತಮ್ಮ ಒಳಗದಾನ ಅಂತ!”

ಅವನು ಬಾಯಿ ತೆರೆದ. ಅಷ್ಟರಲ್ಲಿ ಅವಳು ಪೇಡೆಯನ್ನು ಇಸಿದುಕೊಂಡು ಕಣ್ಣಿಗೊತ್ತಿ, ಮುರಿದು, ಅರ್ಧವನ್ನು ತೆರೆದ ಆ ಬಾಯಿಗೇ ಇಟ್ಟಳು. ಉಳಿದರ್ಧವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ತುರ್ವಿಹಾಳದ ಬಸ್ಸು ತಪ್ಪೀತೆಂದು ದಾಪುಗಾಲು ಹಾಕಿದಳು.