ಕಂಟ್ರೋಲರ್ ಬಾಯಾರ ಹೊಸ ಹಲ್ಲು

ಯಲಬುರ್ಗಾದ ಬಸ್ ನಿಲ್ದಾಣದಲ್ಲಿ ದುರ್ಗಾದೇವಿಯ ಮುಖ ಗೊತ್ತಿದ್ದವರಿಗಿಂತ ದನಿ ಗೊತ್ತಿದ್ದವರೇ ಹೆಚ್ಚು. ಹದಿನೈದು ವರ್ಷ ಕಂಡಕ್ಟರ್ ಆಗಿ ಟಿಕೆಟ್ ಹರಿದು, ಮೊಣಕಾಲು ಸೋತ ಮೇಲೆ ಕಂಟ್ರೋಲರ್ ಕೋಣೆಗೆ ಬಂದು ಕೂತವಳು ಅವಳು; ಅಲ್ಲಿಂದ ಮಂದಿಗೆ ಕಂಟ್ರೋಲರ್ ಬಾಯಾರು. ಬಸ್ಸು ಒಳಗೆ ಬಂದ ಕೂಡಲೇ ರಿಜಿಸ್ಟರಿನಲ್ಲಿ ವೇಳೆ ಬರೆದು, ಮೈಕಿನ ಗುಂಡಿ ಒತ್ತಿ, "ಪ್ರಯಾಣಿಕರ ಗಮನಕ್ಕೆ" ಎಂದಳೆಂದರೆ ಚಹಾದಂಗಡಿಯಲ್ಲಿ ಕೂತವರು ಕಪ್ಪು ಕೆಳಗಿಟ್ಟು ಕಿವಿಗೊಡುತ್ತಿದ್ದರು. ಬೋರ್ಡು ಓದಲು ಬಾರದ ಎಷ್ಟೋ ಮಂದಿ ಆ ದನಿಯನ್ನು ನಂಬಿಕೊಂಡೇ ಊರು ಮುಟ್ಟುತ್ತಿದ್ದರು.

ಅವಳ ತವರು ಕುಷ್ಟಗಿ ಕಡೆಯ ಒಂದು ಹಳ್ಳಿ. ಬೋರಿನ ನೀರಿನಲ್ಲಿದ್ದ ಫ್ಲೋರೈಡಿನಿಂದ ಆ ಓಣಿಯ ಮಕ್ಕಳಿಗೆಲ್ಲ ಹಲ್ಲಿನ ಮೇಲೆ ಕಂದು ಗೆರೆ. ಎಲ್ಲರ ಬಾಯಿಯೂ ಹಾಗೇ ಇದ್ದದ್ದರಿಂದ ಊರಿನಲ್ಲಿದ್ದಷ್ಟು ದಿನ ಯಾರಿಗೂ ಅದು ಕಾಣಲಿಲ್ಲ. ಗಂಗಾವತಿ ಹತ್ತಿರದ ಮರಳಿಯ ರಾಮಾಂಜನೇಯನನ್ನು ಮದುವೆಯಾಗಿ, ಕಾಲುವೆ ನೀರಿನ ಸೀಮೆಯ ಬಿಳಿ ಹಲ್ಲಿನ ನೆಂಟರ ನಡುವೆ ನಿಂತ ದಿನದಿಂದ ಅವಳು ನಗುವಾಗ ಸೆರಗು ಬಾಯಿಗೆ ತರುವುದನ್ನು ಕಲಿತಳು.

ಐವತ್ತು ದಾಟಿದ ಮೇಲೆ ಶುಗರ್ ಬಂತು. ಮೊದಲೇ ಪುಡಿಯಾಗುತ್ತಿದ್ದ ಹಲ್ಲುಗಳು ಒಂದೊಂದಾಗಿ ಉದುರಿ, ವಸಡು ಊದಿ, ಕಡೆಗೆ ಹನ್ನೊಂದು ಉಳಿದವು. ಆ ಹನ್ನೊಂದೂ ಅಲುಗಾಡುತ್ತಿದ್ದವು. ಕೊಪ್ಪಳದ ಹಲ್ಲಿನ ಡಾಕ್ಟರು ಶೈಲಜಾ ಎಕ್ಸ್‌ರೇ ನೋಡಿ ಮುಚ್ಚುಮರೆ ಮಾಡಲಿಲ್ಲ.

"ಇವನ್ನ ಉಳಿಸಾಕ ಆಗಂಗಿಲ್ಲ ಬಾಯಾರ. ಎಲ್ಲಾ ತಗದು, ದವಡಿ ಎಲುಬಿನಾಗ ಸ್ಕ್ರೂ ಕುಂದರಿಸಿ, ಅದರ ಮ್ಯಾಲೆ ಹೊಸ ಹಲ್ಲು ಕಟ್ಟೋಣ. ಮೊದಲ ಶುಗರ್ ಹತೋಟಿಗೆ ಬರಬೇಕು."

ರಾಮಾಂಜನೇಯ ಪಶು ಆಸ್ಪತ್ರೆಯ ನೌಕರ. ದನದ ಬಾಯಿ ತೆರೆದು ಇದಕ್ಕೆಷ್ಟು ವರ್ಷ ಎಂದು ಹೇಳುವುದರಲ್ಲಿ ಪಳಗಿದವನು. "ಹಂಗಾರ ಇನ್ನ ಮುಂದ ಈಕಿ ವಯಸ್ಸು ಯಾರಿಗೂ ಹೇಳಾಕ ಬರಂಗಿಲ್ಲ ಬಿಡ್ರಿ," ಎಂದ. ಡಾಕ್ಟರು ನಕ್ಕರು. ಹಲ್ಲಿನ ಬಣ್ಣಗಳ ಪಟ್ಟಿ ಮುಂದಿಟ್ಟಾಗ ಅವನು ಎಲ್ಲಕ್ಕಿಂತ ಬೆಳ್ಳಗಿದ್ದುದರ ಮೇಲೆ ಬೆರಳಿಟ್ಟ. ದುರ್ಗಾದೇವಿ ಆ ಬೆರಳನ್ನು ಎತ್ತಿ ಪಕ್ಕಕ್ಕಿಟ್ಟಳು.

"ಇಷ್ಟು ಬೆಳ್ಳಗಾದ್ರ ನಮ್ಮ ಅಕ್ಕ ನನ್ನ ಗುರುತು ಹಿಡಿಯಂಗಿಲ್ರಿ. ಈ ಹಳದಿ ಛಾಯಾ ಇರೋದು ಇರಲಿ."

ಶುಗರ್ ಹತೋಟಿಗೆ ಬಂದ ಮೇಲೆ ಎರಡು ಸಲ ಚಿಕಿತ್ಸೆ ಆಯಿತು. ಮೇಲೆ ಆರು ಸ್ಕ್ರೂ, ಕೆಳಗೆ ನಾಲ್ಕು. ಅವುಗಳ ಮೇಲೆ ತಾತ್ಕಾಲಿಕ ಹಲ್ಲು ಕೂಡಿಸಿ, ಸ್ಕ್ರೂ ಎಲುಬಿಗೆ ಹತ್ತಿಕೊಳ್ಳುವ ತನಕ ಐದು ತಿಂಗಳು ಗಟ್ಟಿ ಪದಾರ್ಥ ಮುಟ್ಟಬಾರದು ಎಂದು ಡಾಕ್ಟರು ಹೇಳಿ ಕಳಿಸಿದರು. ಮುಖ ಊದಿಕೊಂಡು ಮಲಗಿದ್ದ ಹೆಂಡತಿಯ ಮುಂದೆ ರಾಮಾಂಜನೇಯ ಹೆಸರುಬೇಳೆ ಗಂಜಿಯ ಬಟ್ಟಲು ಹಿಡಿದು ಕೂತ. ಇನ್ನೊಂದು ಬಟ್ಟಲು ತನಗೂ ಬಡಿಸಿಕೊಂಡಿದ್ದ.

"ನಿಮಗ್ಯಾಕ ಗಂಜಿ?"

"ನೀ ಗಂಜಿ ಕುಡಿಯೂತನಾ ನನಗೂ ಗಂಜಿನ. ನಿನ್ನ ಮುಂದ ಕಟುಂ ಕುಟುಂ ಅಂತ ಹೆಂಗ ತಿನ್ನಲಿ?"

ಅವಳಿಗೆ ಕಣ್ಣು ತುಂಬಿ ಬಂತು. ಬಟ್ಟಲನ್ನು ತನ್ನ ಕಡೆ ಎಳೆದುಕೊಂಡಳು.

ಮೂರು ವಾರಕ್ಕೆ ನೋವು ಇಳಿಯಿತು. ಊದಿದ ಮುಖ ತನ್ನ ಆಕಾರಕ್ಕೆ ಬಂತು. ಕೆಲಸಕ್ಕೆ ಹೋದ ಮೊದಲ ದಿನ ದುರ್ಗಾದೇವಿ ಮೈಕಿನ ಗುಂಡಿ ಒತ್ತಿದಳು. "ಕುಷ್ಟಗಿ" ಎನ್ನಲು ಹೋದರೆ ನಡುವಿನಲ್ಲಿ ಕುಕ್ಕರಿನ ಸೀಟಿಯಂತೆ ಗಾಳಿ ಹೊರಟಿತು. ನಾಲಿಗೆಗೆ ತನ್ನ ಬಾಯಲ್ಲೇ ದಾರಿ ತಪ್ಪಿತ್ತು. ಹೊರಗೆ ಕಾಲೇಜು ಹುಡುಗಿಯರು ಕಿಸಕ್ಕನೆ ನಕ್ಕದ್ದು ಕೋಣೆಯೊಳಗೆ ಕೇಳಿಸಿತು. ಅವಳು ಮೈಕ್ ಆರಿಸಿದಳು. ಯಾರು ಕೇಳಿದರೂ ಮೈಕ್ ಕೆಟ್ಟಿದೆ ಎನ್ನತೊಡಗಿದಳು. ಡ್ರೈವರ್ ಹೈದರಸಾಬನಂಥವರು ಬಾಗಿಲಲ್ಲಿ ನಿಂತು ಊರಿನ ಹೆಸರು ಕೂಗಿಕೊಂಡು ಗಾಡಿ ಬಿಡುತ್ತಿದ್ದರು. ಹತ್ತು ದಿನ ಹೀಗೇ ನಡೆಯಿತು.

ಹನ್ನೊಂದನೆಯ ದಿನ ಸಂತೆ. ಮಧ್ಯಾಹ್ನ ಕಳೆದ ಮೇಲೆ ಕಿಟಕಿಯ ಸರಳಿಗೆ ಒಂದು ಬುಟ್ಟಿ ತಾಗಿತು. ಬುಟ್ಟಿಯ ಹಿಂದೆ ಪಕ್ಕೀರವ್ವ ನಿಂತಿದ್ದಳು. ಕುಷ್ಟಗಿ ರಸ್ತೆಯ ಹಳ್ಳಿಯಿಂದ ಪುಂಡಿಪಲ್ಯದ ಸೊಪ್ಪು ತಂದು ಮಾರುವ ಮುದುಕಿ. ಅವಳ ಕಣ್ಣಿಗೆ ಪೊರೆ ಬಂದಿತ್ತು.

"ಇಲ್ಲಿ ಒದರೋ ಬಾಯಿ ಎಲ್ಲಿ ಹೋದ್ಲವ್ವಾ? ಒದರ್ತಾಳ ಒದರ್ತಾಳ ಅಂತ ಕುಂತ ಎರಡು ಬಸ್ಸು ಬಿಟ್ಟೆ."

ದುರ್ಗಾದೇವಿ ರಿಜಿಸ್ಟರು ಮುಚ್ಚಿ ಕಿಟಕಿಗೆ ಬಂದಳು. "ನಾನ ಆಯಿ," ಎಂದಳು. "ಹಲ್ಲು ಹೊಸಾವು ಹಾಕ್ಸೇನಿ. ಮಾತು ಸೀಟಿ ಹೊಡಿತಾವು. ಮಂದಿ ನಗ್ತಾರ ಅಂತ ಸುಮ್ನಾಗೇನಿ."

ಪಕ್ಕೀರವ್ವ ಮುಖವನ್ನು ಸರಳಿಗೆ ಒತ್ತಿ ಬಾಯಿ ಅಗಲಿಸಿದಳು. ಒಳಗೆ ಒಂದು ಹಲ್ಲೂ ಇರಲಿಲ್ಲ.

"ನೋಡು. ನನಗ ಒಂದೂ ಇಲ್ಲ. ನಾ ಮಾತು ಬಿಟ್ಟೇನೇನು? ಬೆಳಿಗ್ಗಿಂದ ಸಂತ್ಯಾಗ ಒದರಿ ಒದರಿ ಬುಟ್ಟಿ ಖಾಲಿ ಮಾಡೇನಿ. ನೀ ಬಾಯಿ ತುಂಬ ಇಟ್ಕೊಂಡು ಸುಮ್ನ ಕುಂತೀ!"

ಆಮೇಲೆ ಬುಟ್ಟಿ ಕೆಳಗಿಟ್ಟು, ಕೋಣೆಯೊಳಗೇ ಬಂದು, ಬೆಂಚಿನ ಮೇಲೆ ಕೂತಳು.

"ಕುಷ್ಟಗಿ ಅನ್ನು."

ದುರ್ಗಾದೇವಿ ಅಂದಳು. ಸೀಟಿ ಹೊರಟಿತು.

"ಅವಸರ ಯಾಕ ಮಾಡ್ತಿ? ನಾಲಿಗಿ ತುದಿ ಹಲ್ಲಿಗೆ ಹತ್ತಿಸಬ್ಯಾಡ, ತುಸು ಒಳಗ ಜಗ್ಗಿಕೊ. ನಿಂತು ನಿಂತು ಅನ್ನು."

ನಾಲ್ಕು ಸಲ, ಐದು ಸಲ. ಆರನೆಯ ಸಲಕ್ಕೆ ಸೀಟಿ ಸಣ್ಣದಾಯಿತು. ಅಷ್ಟರಲ್ಲಿ ಹೈದರಸಾಬನ ಬಸ್ಸು ಬಂದು ನಿಂತಿತು. ಪಕ್ಕೀರವ್ವ ಮೈಕಿನ ಕಡೆ ಗದ್ದ ತೋರಿಸಿದಳು. ದುರ್ಗಾದೇವಿ ಗುಂಡಿ ಒತ್ತಿ, ಉಸಿರು ತೆಗೆದುಕೊಂಡು, ಒಂದೊಂದೇ ಅಕ್ಷರ ಇಟ್ಟಂತೆ ಹೇಳಿದಳು: "ಪ್ರಯಾಣಿಕರ ಗಮನಕ್ಕೆ. ಕುಷ್ಟಗಿಗೆ ಹೋಗುವ ಬಸ್ಸು ಎರಡನೇ ಅಂಕಣದಲ್ಲಿ ನಿಂತಿದೆ." ಯಾರೋ ನಕ್ಕರು. ಚಹಾದಂಗಡಿಯಿಂದ ಮೂವರು ಎದ್ದು ಎರಡನೇ ಅಂಕಣದ ಕಡೆ ಓಡಿದರು. ಪಕ್ಕೀರವ್ವ ಬುಟ್ಟಿ ಎತ್ತಿಕೊಂಡು, "ತಿಳೀತವ್ವಾ, ಭಾಳ ಛಲೋ ತಿಳೀತು," ಎನ್ನುತ್ತ ಅವರ ಹಿಂದೆ ಹೋದಳು.

ಅಂದಿನಿಂದ ಮೈಕ್ ಸರಿಹೋಯಿತು. ಮನೆಯಲ್ಲಿ ರಾಮಾಂಜನೇಯ ಹೆಂಡತಿಗೆ ಪಾಠ ಹಿಡಿದ. ಅವನು ಊರಿನ ಹೆಸರು ಹೇಳುವುದು, ಅವಳು ತಿರುಗಿ ಹೇಳುವುದು. ಹುಲಿಹೈದರ ಮೊದಲ ಸಲಕ್ಕೇ ಬಂತು. ಹೊಸಪೇಟೆಗೆ ನಾಲ್ಕು ದಿನ ಹಿಡಿಯಿತು. ಗಂಜಿ ಮುಂದುವರಿದೇ ಇತ್ತು. ಒಂದೇ ಸೋಜಿಗವೆಂದರೆ, ಎರಡು ತಿಂಗಳು ಗಂಜಿ ಕುಡಿದ ಅವಳು ಸೊರಗಿದ್ದಳು. ಜೊತೆಗೆ ಕುಡಿದ ಗಂಡ ಮಾತ್ರ ಒಂದು ಸುತ್ತು ದಪ್ಪಗಾಗಿದ್ದ.

ಒಂದು ಸಂಜೆ ಅದರ ಗುಟ್ಟು ಹೊರಬಿತ್ತು. ಬಸ್ಸಿನ ವೇಳೆ ಬರೆದು ತಲೆ ಎತ್ತಿದಾಗ, ನಿಂತಿದ್ದ ಎರಡು ಬಸ್ಸುಗಳ ಸಂದಿಯಲ್ಲಿ ಆಚೆಯ ಮಿರ್ಚಿ ಬಂಡಿ ಕಂಡಿತು. ಬಂಡಿಯ ಮುಂದೆ ಪೇಪರಿನ ತುಂಡು ಹಿಡಿದು ನಿಂತವನು ರಾಮಾಂಜನೇಯ. ಒಂದು ಮಿರ್ಚಿ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದ. ಅದು ಮುಗಿಸಿ ಮತ್ತೊಂದು.

ದುರ್ಗಾದೇವಿ ಗುಂಡಿ ಒತ್ತಿದಳು.

"ಪ್ರಯಾಣಿಕರ ಗಮನಕ್ಕೆ. ಪಶು ಆಸ್ಪತ್ರೆಯ ರಾಮಾಂಜನೇಯ ಅವರು ಎಲ್ಲಿದ್ದರೂ ಬಾಯಿ ಒರೆಸಿಕೊಂಡು ಕಂಟ್ರೋಲರ್ ಕೋಣೆಗೆ ಬರಬೇಕು."

ಒಂದು ಅಕ್ಷರವೂ ಸೀಟಿ ಹೊಡೆಯಲಿಲ್ಲ. ರಾಮಾಂಜನೇಯ ಮಿರ್ಚಿ ಬಾಯಲ್ಲಿಟ್ಟುಕೊಂಡೇ ಕಲ್ಲಾದ. ಆಮೇಲೆ ಮೀಸೆ ಒರೆಸುತ್ತ ಬಂದು ಬಾಗಿಲಲ್ಲಿ ನಿಂತ.

"ಒಂದ ತಿಂದೇನಿ, ನಿನ್ನಾಣಿ."

"ಮೂರು. ನಾ ಎಣಿಸೇನಿ. ಯಾವಾಗಿಂದ ನಡದೈತಿ ಇದು?"

ಅವನು ನೆಲ ನೋಡಿದ. "ಗಂಜಿ ಶುರು ಆದ ಮೂರನೇ ದಿನದಿಂದ."

ಅವಳಿಗೆ ಸಿಟ್ಟು ಬರಬೇಕಿತ್ತು. ಅದರ ಬದಲು ಹೊಟ್ಟೆಯೊಳಗಿಂದ ನಗು ಉಕ್ಕಿ ಬಂತು. ಕುರ್ಚಿ ಹಿಡಿದುಕೊಂಡು, ಕಣ್ಣೀರು ಬರುವ ತನಕ ನಕ್ಕಳು. ರಾಮಾಂಜನೇಯ ಕೈಸನ್ನೆ ಮಾಡುತ್ತಲೇ ಇದ್ದ. ಅವಳಿಗೆ ಗೊತ್ತಾಗಲಿಲ್ಲ.

"ಏ ಮಾರಾಯ್ತಿ, ಮೈಕ್ ಬಂದ್ ಮಾಡ!"

ಅಷ್ಟರಲ್ಲಿ ಅವನ ಮೂರನೇ ದಿನವೂ ಅವಳ ನಗುವೂ ಇಡೀ ನಿಲ್ದಾಣಕ್ಕೆ ಕೇಳಿಯಾಗಿತ್ತು. ಗದಗಿನ ಬಸ್ಸಿನಲ್ಲಿ ಕೂತವರು ಕಿಟಕಿಯಿಂದ ಹಣಕಿ ನೋಡುತ್ತಿದ್ದರು. ಮಿರ್ಚಿ ಬಂಡಿಯವನು ಜಾಲರಿ ಸೌಟು ಎತ್ತಿ ಹಿಡಿದು ನಗುತ್ತಿದ್ದ. ದುರ್ಗಾದೇವಿ ಮೈಕ್ ಆರಿಸಿ, ಇನ್ನಷ್ಟು ನಕ್ಕಳು.

ಐದು ತಿಂಗಳು ಕಳೆದು ಕೊಪ್ಪಳದಲ್ಲಿ ಕಾಯಂ ಹಲ್ಲು ಕೂಡಿಸಿದ ದಿನ ಡಾಕ್ಟರು ಸಣ್ಣ ಬ್ರಷ್ ಕೊಟ್ಟು, ಹಲ್ಲಿನ ಬುಡದ ಸಂದಿಯನ್ನು ದಿನಾ ಹೇಗೆ ತೊಳೆಯಬೇಕೆಂದು ಎರಡೆರಡು ಸಲ ಮಾಡಿ ತೋರಿಸಿದರು. ಆರು ತಿಂಗಳಿಗೊಮ್ಮೆ ಬಂದು ತೋರಿಸಿಕೊಂಡು ಹೋಗಲೇಬೇಕು ಎಂದರು. ಹೊರಗೆ ಬಂದಾಗ ಮಧ್ಯಾಹ್ನ. ಗಂಡ ಹೆಂಡತಿ ಖಾನಾವಳಿಯಲ್ಲಿ ಎದುರುಬದುರು ಕೂತರು. ತಟ್ಟೆಗೆ ಒಣಗಿ ಗಟ್ಟಿಯಾದ ಖಟಕ್ ರೊಟ್ಟಿ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ ಬಂದವು.

ದುರ್ಗಾದೇವಿ ಒಂದು ತುಂಡು ಮುರಿದು ಬಾಯಿಗಿಟ್ಟಳು. ರಾಮಾಂಜನೇಯ ತನ್ನದನ್ನು ಮುಟ್ಟದೆ ನೋಡುತ್ತಿದ್ದ.

"ನೋವೇನು?"

"ನೋವಿಲ್ಲ. ಸಪ್ಪಳ ಕೇಳ್ತೈತಿ. ಆದ್ರ ಹಲ್ಲಿಗೆ ಏನೂ ಗೊತ್ತಾಗವಲ್ದು. ಬ್ಯಾರೆ ಯಾರೋ ಕಡದು ನನ್ನ ಬಾಯಾಗ ಹಾಕಿದಂಗ ಆಗ್ತೈತಿ."

"ಸಾವಕಾಶ ಕಡಿ. ಬಸ್ಸಿಗೆ ಇನ್ನ ಒಂದು ತಾಸು ಐತಿ."

ಅವಳು ಸಾವಕಾಶ ಕಡಿದಳು. ಮೂರನೆಯ ತುತ್ತಿಗೆ ಶೇಂಗಾದ ರುಚಿ ಬಂತು, ಹಿಂದೆಯೇ ಬೆಳ್ಳುಳ್ಳಿಯ ಖಾರ. ಉಳ್ಳಾಗಡ್ಡಿಯ ಹೋಳು ಕಚ್ಚಿದಾಗ ಬಾಯಿತುಂಬ ನೀರಾಯಿತು. ಅರ್ಧ ರೊಟ್ಟಿ ಮುಗಿಯುವ ಹೊತ್ತಿಗೆ ಅವಳು ಚಟ್ನಿಯನ್ನೆಲ್ಲ ಬಳಿದಾಗಿತ್ತು. ಬಡಿಸುವವನು ರೊಟ್ಟಿಯ ಬುಟ್ಟಿ ಹಿಡಿದು ಪಕ್ಕಕ್ಕೆ ಬಂದ.

"ಇನ್ನೊಂದು ಹಾಕ್ಲೇನ್ರಿ ಅಕ್ಕಾರ?"

ಬಾಯಿ ತುಂಬಿದ್ದರಿಂದ ದುರ್ಗಾದೇವಿ ಎರಡು ಬೆರಳು ತೋರಿಸಿದಳು.