ಕಲ್ಲಿಲ್ಲದ ಜಾಗ

ಬೆಳಿಗ್ಗೆ ಏಳೂವರೆಗೆ ಹಳೆಯ ಗಣಿಯ ಪಂಪು ನಿಂತಿತು.

ಹಿಂದೆ ಇದೇ ಗಣಿಯಲ್ಲಿ ಅಭ್ರಕ ತೆಗೆಯುತ್ತಿದ್ದಾಗ ಕೆಳಗಿನ ಸುರಂಗಕ್ಕೆ ನೀರು ನುಗ್ಗಿ, ಒಬ್ಬ ಮೇಲೆ ಬರಲಿಲ್ಲ. ಗಣಿ ಮುಚ್ಚಿತು, ಹೊಂಡ ತುಂಬಿತು. ಅಭ್ರಕ ಸಿಕ್ಕಿದ್ದ ಪೆಗ್ಮಟೈಟ್ ಶಿಲೆಯಲ್ಲೇ ಲಿಥಿಯಂ ಕೂಡ ಇರುವುದು ಗೊತ್ತಾಗಿ ಹೊಸ ಕಂಪನಿಯೊಂದು ನೀರೆತ್ತತೊಡಗಿದಾಗ, ಸತ್ತವನ ಹೆಂಡತಿ ಅಲ್ಲಿ ಕೆಲಸಕ್ಕೆ ಸೇರಿದಳು. ಕೊರೆದು ತೆಗೆದ ಕಲ್ಲಿನ ಕೋಲುಗಳನ್ನು ತೊಳೆದು ಉದ್ದನೆಯ ಪೆಟ್ಟಿಗೆಗಳಲ್ಲಿ ಜೋಡಿಸುವುದು ಅವಳ ಕೆಲಸ. ಪಂಪು ನಡೆಸುವವನು ಅವಳ ಮೈದುನ. ನೀರು ಪೂರ್ತಿ ಇಳಿದರೆ ಗಂಡನ ಮೂಳೆಗಳಾದರೂ ಸಿಕ್ಕಾವು, ಮಣ್ಣು ಮಾಡಬಹುದು ಎಂಬುದೊಂದೇ ಅವಳ ಆಸೆ.

ಒಂದು ಪೆಟ್ಟಿಗೆಯಲ್ಲಿ ಕಲ್ಲಿನ ಸಾಲಿನ ನಡುವೆ ಮರದ ತುಂಡೊಂದಿತ್ತು. ಅದರ ಮೇಲೆ ಆಳ ಬರೆದಿತ್ತು. ಅದೇನೆಂದು ಅವಳು ಮೊದಲೇ ಕೇಳಿದ್ದಳು.

"ಅಲ್ಲಿ ಡ್ರಿಲ್ಲು ಸೀದಾ ಕೆಳಗೆ ಬಿತ್ತಮ್ಮ. ಹಳೇ ಸುರಂಗ ಇರ್ಬೇಕು. ಕಲ್ಲಿಲ್ಲದ ಜಾಗಕ್ಕೆ ಗುರುತಿಗೆ ಮರ ಇಡ್ತೀವಿ," ಎಂದಿದ್ದರು ಭೂವಿಜ್ಞಾನಿ. ಆಳುಗಳ ಬಾಯಲ್ಲಿ ಅವರು 'ಕಲ್ಲು ಡಾಕ್ಟ್ರು'.

ಅಂದಿನಿಂದ ಅವಳು ಆ ತುಂಡನ್ನು ದಿನವೂ ಒರೆಸಿಡುತ್ತಿದ್ದಳು.

ಪಂಪಿನ ಸದ್ದು ನಿಂತದ್ದೇ ತಡ, ಒದ್ದೆ ಕೈಯಲ್ಲೇ ಹೊಂಡದ ದಂಡೆಗೆ ಓಡಿದಳು.

"ಕೆಟ್ಟೋಯ್ತೇನೋ?"

"ಇಲ್ಲ ಅತ್ತಿಗೆ. ನಿಲ್ಸು ಅಂದ್ರು. ಕೆಳಗೆ ಹೋಗ್ತಾ ಲಿಥಿಯಂ ಕಲ್ಲು ನೂಲಿನಷ್ಟು ತೆಳ್ಳಗಾಗ್ಬಿಟ್ಟಿದೆಯಂತೆ. ಗಿಟ್ಟಲ್ವಂತೆ."

"ಸುರಂಗದ ಬಾಯಿಗೆ ಇನ್ನೆಷ್ಟಿದೆ?"

"ಎರಡಾಳುದ್ದ ನೀರು."

"ಒಂದು ವಾರ ಓಡ್ಸೋ. ಒಳಗಿರೋನು ನಿಮ್ಮಣ್ಣ ಅಲ್ವೇನೋ?"

"ಡೀಸೆಲ್ ಪೀಪಾಯಿ ಆಗ್ಲೇ ಲಾರಿ ಹತ್ತಿದೆ. ಬಾಯಲ್ಲಿ ಊದಿ ಓಡಿಸ್ಲಾ?" ಎಂದವನು ಮುಖ ತಿರುಗಿಸಿ ಪಂಪಿನ ಬೋಲ್ಟು ಬಿಚ್ಚತೊಡಗಿದ.

ಅವಳು ಶೆಡ್ಡಿಗೆ ಬಂದಳು. ಭೂವಿಜ್ಞಾನಿ ನಕ್ಷೆಗಳನ್ನು ಸುತ್ತುತ್ತಿದ್ದರು.

"ಸಾರ್, ಅಲ್ಲಿ ಏನೂ ಇಲ್ಲ ಅಂತ ಮರ ಇಟ್ರಲ್ಲ, ಅಲ್ಲಿ ನಮ್ಮನೆಯೋರಿದ್ದಾರೆ."

ಅವರ ಕೈ ನಿಂತಿತು. ಇದು ಅವರಿಗೆ ಗೊತ್ತಿರಲಿಲ್ಲ. ಸುತ್ತಿದ ನಕ್ಷೆಯನ್ನು ಕೆಳಗಿಟ್ಟು, "ಲಿಥಿಯಂ ಇದ್ದಿದ್ರೆ ನೀವು ಕೇಳೋದೇ ಬೇಡವಾಗಿತ್ತಮ್ಮ, ಕಂಪನಿನೇ ನೀರೆಲ್ಲ ಎತ್ತಿಸ್ತಿತ್ತು," ಎಂದರು.

ಮಧ್ಯಾಹ್ನ ಪೆಟ್ಟಿಗೆಗಳನ್ನು ಲಾರಿಗೆ ಏರಿಸುವಾಗ ಒಂದರಲ್ಲಿ ಮರದ ತುಂಡು ಇರಲಿಲ್ಲ. ಅಷ್ಟರಲ್ಲಿ ಅವಳು ಗುದ್ದಲಿ ಹೊತ್ತ ಮೈದುನನ ಹಿಂದೆ ಸ್ಮಶಾನದ ದಾರಿ ಹಿಡಿದಿದ್ದಳು. ಭೂವಿಜ್ಞಾನಿ ಯಾರನ್ನೂ ವಿಚಾರಿಸಲಿಲ್ಲ. ಹಲಗೆಯಿಂದ ಇನ್ನೊಂದು ತುಂಡು ಕತ್ತರಿಸಿ, ಅದೇ ಆಳ ಬರೆದು, ಖಾಲಿ ಜಾಗದಲ್ಲಿಟ್ಟು ಮುಚ್ಚಳಕ್ಕೆ ಮೊಳೆ ಹೊಡೆದರು.