ಅಂತರ ಬಿಟ್ಟು ಸುತ್ತಿದ ಹಗ್ಗ

ವತ್ಸಮ್ಮನ ಶವಪೆಟ್ಟಿಗೆಯ ಮುಂಬದಿ ಹೊತ್ತಿದ್ದ ಮಗ ಲಿಜೋ ಸಂಕದ ಮೇಲೆ ಕಾಲಿಟ್ಟವನೇ ಹಿಂದೆ ಸರಿದ. ಸೀಳಿದ ಅಡಿಕೆ ಮರ ಹಾಸಿದ ಆ ಕಾಲುಸೇತುವೆ ಗಡಗಡ ನಡುಗುತ್ತಿತ್ತು. ಹೊಳೆಯ ನಡುವೆ ಅದನ್ನು ಹೊತ್ತು ನಿಂತ ಕಬ್ಬಿಣದ ಕಂಬ ಎಡಕ್ಕೂ ಬಲಕ್ಕೂ ತೂಗುತ್ತಿತ್ತು.

“ಇಳಿಸಿ ಮಾರಾಯ್ರೆ!” ಇಗರ್ಜಿಯ ಟ್ರಸ್ಟಿ ಮಾಥ್ಯೂ ಕೂಗಿದರು. “ಆಂಬ್ಯುಲೆನ್ಸ್ ತರಿಸುವ. ಆಚೆ ದಡದ ಸಿಮಿತ್ತೇರಿಗೆ ರಸ್ತೆಯಲ್ಲಿ ಸುತ್ತು ಹಾಕಿ ಹೋಗುದು.”

“ಅಮ್ಮಚ್ಚಿ ಯಾವತ್ತೂ ಸುತ್ತು ಹಾಕಿ ಹೋದದ್ದಿಲ್ಲ,” ಎಂದಳು ವತ್ಸಮ್ಮನ ಮಗಳು ಅಂಜು. “ಅವರೇ ಹಾಕಿಸಿದ ಸಂಕ ಇದು. ಇದರ ಮೇಲೆಯೇ ಹೋಗ್ತಾರೆ. ಕಂಬಕ್ಕೆ ಸುತ್ತಿದ ಹಗ್ಗ ಎಲ್ಲಿ ಅಂಕಲ್?”

ಮಾಥ್ಯೂ ಹೊಳೆಯ ಕಡೆ ನೋಡಿದರು. “ಹಬ್ಬಕ್ಕೆ ಪೈಂಟ್ ಕೊಟ್ಟೆವಲ್ಲ... ಚಂದ ಕಾಣ್ಲಿ ಅಂತ ಕಿತ್ತು ಹಾಕಿದೆ.”

*

ಸಂಕ ಹಾಕಿಸಿದ ಮೊದಲ ಮಳೆಗಾಲ. ಪುಟ್ಟ ಅಂಜುವನ್ನು ಮಡಿಲಲ್ಲಿಟ್ಟುಕೊಂಡು ವತ್ಸಮ್ಮ ದಡದಲ್ಲಿ ಕೂತಿದ್ದರು. ಉರುಟು ಕಂಬವನ್ನು ದಾಟಿದ ನೀರು ಒಮ್ಮೆ ಈಚೆ, ಒಮ್ಮೆ ಆಚೆ ಸುಳಿ ಬಿಡುತ್ತಿತ್ತು.

“ನೋಡು, ಹೊಳೆಗೆ ಎರಡು ಕೈ ಉಂಟು. ಒಂದು ನೂಕಿದ ಮೇಲೆ ಇನ್ನೊಂದು ನೂಕುದು. ತೊಟ್ಟಿಲು ತೂಗಿದ ಹಾಗೆ.”

ಕಂಬ ದಪ್ಪವಾದರೆ ನಿಂತೀತೆಂದು ಅವರು ನಾರಿನ ಹಗ್ಗವನ್ನು ಒತ್ತೊತ್ತಾಗಿ, ಚಂದಕ್ಕೆ ಸುತ್ತಿದರು. ಉರುಟು ಕಂಬ ದಪ್ಪ ಉರುಟಾಯಿತು, ಅಷ್ಟೆ, ನಡುಕ ನಿಲ್ಲಲಿಲ್ಲ. ಆಮೇಲೊಂದು ದಿನ ಹಗ್ಗ ಸಡಿಲಾಗಿ ಜಾರಿ, ಕಾಳುಮೆಣಸಿನ ಬಳ್ಳಿಯ ಹಾಗೆ ಅಂತರ ಬಿಟ್ಟು ನಿಂತಿತು. ಕಂಬ ಸುಮ್ಮನಾಯಿತು. ಮೇಲಿನ ಸುಳಿಗೂ ಕೆಳಗಿನ ಸುಳಿಗೂ ತಾಳ ತಪ್ಪಿತ್ತು, ಅವು ಈಗ ಒಟ್ಟಾಗಿ ಕಂಬವನ್ನು ನೂಕುತ್ತಿರಲಿಲ್ಲ. ವತ್ಸಮ್ಮ ಅದನ್ನು ಹಾಗೆಯೇ ಬಿಗಿದು ಕಟ್ಟಿದರು.

“ಎಂತ ವತ್ಸಮ್ಮ, ಹಾವು ಸುತ್ತಿದ ಹಾಗೆ ಉಂಟಲ್ಲ!” ಎಂದು ಮಾಥ್ಯೂ ನಕ್ಕಿದ್ದರು.

“ಹೆದರುವವರು ಈಜಿಕೊಂಡು ಬನ್ನಿ.”

*

ಅಂಜು ಬಿಳಿ ಸೀರೆಯನ್ನು ಎತ್ತಿ ಕಟ್ಟಿದಳು. ಮಾಥ್ಯೂ ಅವರ ಹೆಗಲಲ್ಲಿದ್ದ ಹಗ್ಗದ ಸುರುಳಿಗೆ ಕೈ ಹಾಕಿದಳು.

“ಅದು ಪೆಟ್ಟಿಗೆಯನ್ನು ಗುಂಡಿಗೆ ಇಳಿಸ್ಲಿಕ್ಕೆ ಮಾರಾಯ್ತಿ! ಅಲ್ಲಿ ಎಂತ ಮಾಡುದು?”

“ಅಲ್ಲಿಗೆ ಮುಟ್ಟಿದ ಮೇಲೆ ನೋಡುವ.”

ಸೊಂಟದ ಮಟ್ಟದ ನೀರಿಗೆ ಅವಳು ಇಳಿದಳು, ಹಿಂದೆಯೇ ಲಿಜೋ. ಗೊಣಗುತ್ತಲೇ ಮಾಥ್ಯೂ ಕೂಡ ಇಳಿದರು. ಹಗ್ಗದ ತುದಿ ಸಿಕ್ಕಿದ್ದೇ ಒತ್ತೊತ್ತಾಗಿ ಸುತ್ತತೊಡಗಿದರು.

“ಅಂತರ ಬಿಡಿ ಅಂಕಲ್. ಚಂದ ಬೇಡ!”

ಕೊನೆಯ ಗಂಟು ಬಿದ್ದಾಗ ಕಂಬದ ನಡುಕ ನಿಂತಿತ್ತು. ವತ್ಸಮ್ಮ ತಮ್ಮ ಸಂಕ ದಾಟಿದರು.

ಸಿಮಿತ್ತೇರಿಯಲ್ಲಿ ಪ್ರಾರ್ಥನೆ ಮುಗಿಯಿತು. ಪಾದ್ರಿಗಳು ಹಗ್ಗಕ್ಕಾಗಿ ಸುತ್ತ ನೋಡಿದರು. ಮಾಥ್ಯೂ ಉಟ್ಟಿದ್ದ ಒದ್ದೆ ಮುಂಡನ್ನು ಬಿಚ್ಚಿ, ಹಿಂಡಿ, ಹುರಿ ಮಾಡಿದರು. ಲಿಜೋ ತನ್ನದನ್ನೂ ಬಿಚ್ಚಿದ.

ಊರಿಡೀ ನೋಡುತ್ತಿದ್ದಂತೆ ಟ್ರಸ್ಟಿ ಚಡ್ಡಿಯಲ್ಲಿ ನಿಂತು, ಮುಂಡಿನ ತುದಿಯನ್ನು ಮುಂಗೈಗೆ ಬಿಗಿದುಕೊಂಡು, ವತ್ಸಮ್ಮನನ್ನು ಒಂದಿಷ್ಟೂ ಅಲುಗದ ಹಾಗೆ ಇಳಿಸಿದರು.